ಸದ್ದಿಲ್ಲದ ಗೇರ್‌ಬಾಕ್ಸ್

ಹಳೆಯ ಮೋಟಾರ್ ಸೈಕಲ್ ಕೊಳ್ಳುವವರು ನನ್ನನ್ನು ಹುಡುಕಿಕೊಂಡು ಬರುವುದು ಕೊಂಡಾದ ಮೇಲೆ. ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಸೀಟಿನ ಧೂಳನ್ನು ಕರ್ಚೀಫಿನಲ್ಲಿ ಒರೆಸಿ, "ತಾತಾ, ಹೆಂಗೈತೆ ಒಸಿ ನೋಡಿ" ಅನ್ನುತ್ತಾರೆ. ಆಗ ಅವರ ಮುಖದ ಮೇಲಿರುವ ಸಂತೋಷವನ್ನು ಹಾಳುಮಾಡಲು ಮನಸ್ಸು ಬರುವುದಿಲ್ಲ. "ಬಣ್ಣ ಚೆನ್ನಾಗಿದೆ" ಎಂದು ಹೇಳಿ ಒಳಗೆ ಹೋಗುತ್ತೇನೆ. ಅದು ಸುಳ್ಳಲ್ಲ. ಹಳೆಯ ಗಾಡಿಯಲ್ಲಿ ಯಾವಾಗಲೂ ಚೆನ್ನಾಗಿರುವುದು ಬಣ್ಣವೊಂದೇ. ಅದನ್ನು ಹಚ್ಚಿದ್ದು ಹಿಂದಿನ ವಾರ.

ಈಗ ಮೂಕಂಡಪಲ್ಲಿಯ ಕಡೆ ಕಾರ್ಖಾನೆಗಳು ಎದ್ದಿವೆ, ಹೊಸೂರಿನಲ್ಲಿ ಬೀದಿಗೊಂದು ಮೆಕ್ಯಾನಿಕ್ ಶೆಡ್ಡಾಗಿದೆ. ಅಲ್ಲಿ ಹೊಸದಾಗಿ ಸ್ಪ್ಯಾನರ್ ಹಿಡಿಯುವವರಿಗೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಸಂಬಳ ಯಾವಾಗ ಏರಿತು, ಜನ ನನ್ನನ್ನೂ ಮೇಸ್ತ್ರಿ ಎಂದು ಯಾವಾಗ ಕರೆಯತೊಡಗಿದರು ಎಂಬುದೆಲ್ಲ ನಿಮಗೆ ಬೇಕಾಗಿಲ್ಲ. ನಾನು ಮಾಡಿದ ಒಂದು ತಪ್ಪು ಬೇಕಾದೀತು.

ನಾನು ಕುಪ್ಪುಸಾಮಿ ಮೇಸ್ತ್ರಿಯ ಶೆಡ್ಡಿಗೆ ಸೇರಿದ್ದು ದೊಡ್ಡ ಯುದ್ಧ ನಡೆಯುತ್ತಿದ್ದಾಗ. ಶೆಡ್ಡು ಕೃಷ್ಣಗಿರಿ ರಸ್ತೆಯಲ್ಲಿತ್ತು. ಮೋಟಾರು ಕೆಲಸ ಕಲಿಯಲು ಅದಕ್ಕಿಂತ ಪ್ರಶಸ್ತವಾದ ಕಾಲ ಇರಲಿಲ್ಲ, ಯಾಕೆಂದರೆ ಮೋಟಾರುಗಳೇ ಇರಲಿಲ್ಲ. ಪೆಟ್ರೋಲಿಗೆ ಕೂಪನ್ನು. ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ, ಅದರ ಹೊಗೆಯಲ್ಲಿ ಇಂಜಿನ್ ಓಡಿಸುತ್ತಿದ್ದರು. ಹೊಸೂರಿಗೆ ಬರುತ್ತಿದ್ದ ಚಿಕ್ಕ ರೈಲಿನ ಹಳಿಗಳನ್ನೂ ಯುದ್ಧಕ್ಕೆಂದು ಕಿತ್ತುಕೊಂಡು ಹೋಗಿದ್ದರು. ಹೀಗಾಗಿ ನನ್ನ ವೃತ್ತಿಜೀವನದ ಮೊದಲ ಎರಡು ವರ್ಷ ನಾನು ಕಲಿತದ್ದು ಒಲೆ ಊದುವುದನ್ನು. ಮನೆಯಲ್ಲಿ ನನ್ನ ತಾಯಿ ಅದನ್ನು ಯಾವ ಮೇಸ್ತ್ರಿಯ ಕೈಕೆಳಗೂ ದುಡಿಯದೆ ಕಲಿತಿದ್ದಳು.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ತಮಗೆ ಬೇಡವಾದದ್ದನ್ನೆಲ್ಲ ಬೆಂಗಳೂರಿನಲ್ಲಿ ಹರಾಜು ಹಾಕಿದರು. ಬೂಟು, ಟೆಂಟು, ತಗಡಿನ ಡಬ್ಬಗಳ ಜೊತೆಗೆ ಮೋಟಾರ್ ಸೈಕಲ್‌ಗಳೂ ಬಂದವು. ಒಂದೊಂದೂ ಎಮ್ಮೆಯಷ್ಟು ಭಾರ, ಮಣ್ಣಿನ ಬಣ್ಣ. ಎಷ್ಟೋ ಗಾಡಿಗಳು ಮರಳುಗಾಡು, ಕಾಡು, ಬಾಂಬು ಎಲ್ಲವನ್ನೂ ಕಂಡು ಬಂದಿದ್ದವು. ಆದರೆ ಹೊಸೂರಿಗೆ ಬರುವಷ್ಟರಲ್ಲಿ ಅವೆಲ್ಲ ಮಿಂದು ಮಡಿಯುಟ್ಟು, ಕಪ್ಪು ಬಣ್ಣ ಬಳಿದುಕೊಂಡು, "ಒಬ್ಬರೇ ದೊಡ್ಡ ಸಾಹೇಬರು ಭಾನುವಾರ ಮಾತ್ರ ಓಡಿಸಿದ್ದು" ಆಗಿಬಿಡುತ್ತಿದ್ದವು. ಈ ಪುಣ್ಯಕಾರ್ಯವನ್ನು ನಮ್ಮ ಕಡೆ ನಡೆಸುತ್ತಿದ್ದವನು ಕೃಷ್ಣಗಿರಿಯ ದಳ್ಳಾಳಿ ಮಾಣಿಕ್ಯಂ. ಅವನು ಹೇಳಿದ ಸಾಹೇಬರನ್ನೆಲ್ಲ ಲೆಕ್ಕ ಹಾಕಿದರೆ ಯುದ್ಧದಲ್ಲಿ ಸಿಪಾಯಿಗಳೇ ಇರಲಿಲ್ಲ ಅನ್ನಬೇಕು. ಭಾನುವಾರ ಬಿಟ್ಟು ಬೇರೆ ದಿನ ಯುದ್ಧವೂ ನಡೆದಿರಲಾರದು.

ಕೊಳ್ಳುವವರು ಮೊದಲು ನಮ್ಮ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ ಗಾಡಿ ತೋರಿಸುತ್ತಿದ್ದರು. ಮೇಸ್ತ್ರಿ ತಮಿಳರು, ಆದರೆ ನಮ್ಮ ಹತ್ತಿರ ಕನ್ನಡವನ್ನೇ ಆಡುತ್ತಿದ್ದರು. ಮಾರುವವನು ಮಾತು ಶುರುಮಾಡಿದ ಕೂಡಲೇ ಅವರ ಕಿವಿ ಕೇಳುತ್ತಿರಲಿಲ್ಲ.

"ಡೇಯ್ ಮುನಿಯಾ, ಗಾಡೀನ ಕೇಳು. ಗಾಡಿಯವನ್ನ ಕೇಳ್ಬೇಡ" ಎಂದು ನನಗೆ ಹೇಳುತ್ತಿದ್ದರು.

ಮೊದಲು ಅಂಗೈಯನ್ನು ಇಂಜಿನ್ ಮೇಲೆ ಇಡುತ್ತಿದ್ದರು. ಬೆಚ್ಚಗಿದ್ದರೆ ಒಂದು ಬೀಡಿ ಹಚ್ಚಿ, "ಆರಲಿ" ಎಂದು ಕುಳಿತುಬಿಡುವರು. ತಣ್ಣಗಿದ್ದಾಗ ಹತ್ತದ ಗಾಡಿಯನ್ನು ಮಾರುವವರು ನಾವು ಬರುವ ಮುಂಚೆಯೇ ಓಡಿಸಿ ಬಿಸಿಮಾಡಿ ಇಟ್ಟಿರುತ್ತಾರೆ. ಆಮೇಲೆ ಕಿಕ್ಕರ್ ಮೇಲೆ ನಿಧಾನವಾಗಿ ನಿಲ್ಲುವರು. ಒಳಗೆ ಉಸಿರು ಗಟ್ಟಿಯಿದ್ದರೆ ಕಿಕ್ಕರ್ ಆಳನ್ನು ಒಂದು ಗಳಿಗೆ ಮೇಲೆಯೇ ಹಿಡಿದಿಡುತ್ತದೆ. ಇಲ್ಲದಿದ್ದರೆ ಕೆಸರಿನಲ್ಲಿ ಕಾಲಿಟ್ಟ ಹಾಗೆ ಕೆಳಗಿಳಿಯುತ್ತದೆ. ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಒಂದು ದಾರ ಹಿಡಿದು ಫ್ರೇಮು ಸೊಟ್ಟಗಿದೆಯೇ ನೋಡುವರು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟುವರು, ಸಡಿಲವಾದ ಕಡ್ಡಿ ಬೇರೆ ಸ್ವರ ಕೊಡುತ್ತದೆ. ಇಂಜಿನ್ ಮೇಲಿನ ನಂಬರು, ಫ್ರೇಮಿನ ನಂಬರು, ರಿಜಿಸ್ಟ್ರೇಷನ್ ಪುಸ್ತಕದ ನಂಬರು ಮೂರನ್ನೂ ಗಟ್ಟಿಯಾಗಿ ಓದಿಸುವರು. ಒಮ್ಮೆ ಮೂರೂ ಬೇರೆ ಬೇರೆ ಬಂದವು. ಮೇಸ್ತ್ರಿ ಕೈಮುಗಿದು, "ಮೂರು ಮನೆಯವರನ್ನ ಒಂದೇ ಚಪ್ಪರದಲ್ಲಿ ಸೇರಿಸಿದೀಯಪ್ಪಾ, ಊಟ ಎಲ್ಲಿ?" ಎಂದು ಮಾಣಿಕ್ಯಂನನ್ನು ಕೇಳಿದರು.

ಇನ್ನೊಮ್ಮೆ ಶೂಳಗಿರಿಯ ಒಬ್ಬ ಕಂಟ್ರಾಕ್ಟರು ಯಾರನ್ನೂ ಕೇಳದೆ ಗಾಡಿ ಕೊಂಡು, ನಮಗೆ ತೋರಿಸಿ ಹೊಟ್ಟೆ ಉರಿಸಲೆಂದೇ ಶೆಡ್ಡಿಗೆ ತಂದರು. ಮೇಸ್ತ್ರಿ ಟ್ಯಾಂಕಿನ ಕೆಳಗೆ ಉಗುರಿನಿಂದ ಕೆರೆದರು. ಬಿಳಿಯ ಮೇಣದಂಥದ್ದು ಬಂತು. ಮೂಸಿ ನೋಡಿ, "ಬಟ್ಟೆ ಸೋಪು" ಅಂದರು. ತೂತಿಗೆ ಸೋಪು ಮೆತ್ತಿದರೆ ಪೆಟ್ರೋಲು ಕೆಲವು ದಿನ ನಿಲ್ಲುತ್ತದೆ, ಮಾರಾಟ ಮುಗಿಯಲು ಅಷ್ಟು ದಿನ ಧಾರಾಳವಾಗಿ ಸಾಕು. ಕಂಟ್ರಾಕ್ಟರು ಕೆರೆದದ್ದಕ್ಕೆ ನಮ್ಮ ಮೇಲೆಯೇ ರೇಗಿದರು. ಅಲ್ಲಿಯವರೆಗೂ ಸೋರುತ್ತಿರಲಿಲ್ಲವಂತೆ.

ಇಷ್ಟೆಲ್ಲ ಕಣ್ಣಾರೆ ಕಂಡು ಕಲಿತವನು ನಾನು. ಆದ್ದರಿಂದಲೇ ಮೋಸ ಹೋಗಲು ನನಗೆ ಸಂಪೂರ್ಣ ಅರ್ಹತೆ ಬಂದಿತ್ತು.

ಆಗ ಹೊಸೂರಿಗೆ ಸೇತುರಾಮನ್ ಎಂಬ ದನದ ಡಾಕ್ಟರು ವರ್ಗವಾಗಿ ಬಂದಿದ್ದರು. ಸೇಲಂ ಕಡೆಯವರು, ತೆಳ್ಳಗೆ, ಎತ್ತರಕ್ಕೆ, ಗಟ್ಟಿ ಗಂಟಲಿನವರು. ತಳಿ, ಜವಳಗಿರಿ ಕಾಡಂಚಿನ ಹಳ್ಳಿಗಳೆಲ್ಲ ಅವರ ಪಾಲಿಗೆ ಬಂದಿದ್ದವು. ಸರ್ಕಾರ ಅವರಿಗೆ ಸುತ್ತಲು ಅಷ್ಟು ಊರುಗಳನ್ನು ಕೊಟ್ಟಿತ್ತು, ಸುತ್ತುವುದು ಹೇಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಅವರು ಮಾಣಿಕ್ಯಂನ ಹತ್ತಿರ ಒಂದು ಗಾಡಿ ಗೊತ್ತುಮಾಡಿ, ನೋಡಿಕೊಡಿ ಎಂದು ಮೇಸ್ತ್ರಿಯನ್ನು ಕೇಳಿದರು. ಮೇಸ್ತ್ರಿಗೆ ಜ್ವರ. "ಮುನಿಯಾ ಹೋಗಲಿ, ಅವನಿಗೆ ಗೊತ್ತು" ಅಂದರು. ನನ್ನನ್ನು ಅವರು ಹೊಗಳಿದ್ದು ಅದೇ ಮೊದಲು.

ನನ್ನ ಹೆಂಡತಿಯ ತವರು ಕೃಷ್ಣಗಿರಿ. ಮದುವೆಯಾಗಿ ಮೂರು ತಿಂಗಳಾಗಿತ್ತು. ಗಾಡಿ ನೋಡಿ, ಹಾಗೇ ಮಾವನ ಮನೆಯಲ್ಲಿ ಊಟ ಮಾಡಿ ಬರುವುದೆಂದು ನಾನು ಮದುವೆಯ ಬಿಳಿ ಶರ್ಟು ಹಾಕಿಕೊಂಡು ಹೊರಟೆ. ಮೆಕ್ಯಾನಿಕ್ ಕೆಲಸಕ್ಕೆ ಬಿಳಿ ಶರ್ಟು ಎಷ್ಟು ಅನುಕೂಲವೆಂಬುದು ಅಂದು ನನಗೆ ತಿಳಿಯಿತು.

ಇಂಜಿನ್ ತಣ್ಣಗಿತ್ತು. ಕಿಕ್ಕರ್ ಗಟ್ಟಿಯಾಗಿತ್ತು. ದಾರ ಸರಿಯಾಗಿತ್ತು, ನಂಬರುಗಳು ಸರಿಯಾಗಿದ್ದವು. ಡಾಕ್ಟರು ಪಕ್ಕದಲ್ಲಿ ನಿಂತು ನಾನು ಮಾಡುವುದನ್ನೆಲ್ಲ ಗೌರವದಿಂದ ನೋಡುತ್ತಿದ್ದರು. ನಾನು ಗಾಡಿಯನ್ನು ಬೆಟ್ಟದ ಕೆಳಗಿನ ರಸ್ತೆಯಲ್ಲಿ ಓಡಿಸಿದೆ. ಅಂಥ ಸದ್ದಿಲ್ಲದ ಗೇರ್‌ಬಾಕ್ಸನ್ನು ಅದುವರೆಗೆ ನಾನು ಕಂಡಿರಲಿಲ್ಲ. ಮಿಲಿಟರಿ ಗಾಡಿಗಳ ಗೇರು ಸಾಮಾನ್ಯವಾಗಿ ರಾಗಿಕಲ್ಲಿನ ಹಾಗೆ ಗೊರಗೊರ ಅನ್ನುತ್ತಿತ್ತು. ಇದು ಮಲಗಿದ ಮಗುವಿನಂತಿತ್ತು.

ಹಾಗಿದ್ದಾಗ ಗೇರ್‌ಬಾಕ್ಸಿನ ಅಡಿಯ ಬೋಲ್ಟು ಬಿಚ್ಚಿ, ನಾಲ್ಕು ಹನಿ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ ನೋಡಬೇಕು. ಮೇಸ್ತ್ರಿ ಎಂದೂ ಅದನ್ನು ಬಿಟ್ಟವರಲ್ಲ. ಅದಕ್ಕೆ ನೆಲದ ಮೇಲೆ ಮಲಗಬೇಕು. ನಾನು ಬಗ್ಗಿದೆ. ಮಾಣಿಕ್ಯಂ ನನ್ನ ಭುಜ ಹಿಡಿದು ಎತ್ತಿದ.

"ಅಯ್ಯೋ ತಂಬೀ, ನಿನ್ನೆ ತಾನೇ ಹೊಸ ಎಣ್ಣೆ ಹಾಕ್ಸಿದೀನಿ. ಮಾವನ ಮನೆಗೆ ಹೋಗೋ ಮಾಪಿಳ್ಳೆ, ಶರ್ಟು ಯಾಕೆ ಹಾಳು ಮಾಡ್ಕೋತೀಯ?"

ನನ್ನ ಮಾವನ ಮನೆ ಅದೇ ಊರಿನಲ್ಲಿರುವುದು ಅವನಿಗೆ ಹೇಗೆ ಗೊತ್ತಾಯಿತೆಂದು ಕೇಳಲು ಆಗ ಹೊಳೆಯಲಿಲ್ಲ. ಶರ್ಟಿನ ಬಗ್ಗೆ ಅವನಿಗಿದ್ದ ಕಾಳಜಿ ಮಾತ್ರ ಮನಸ್ಸಿಗೆ ಹಿಡಿಸಿತು.

"ಹೇಗಿದೆಯಯ್ಯಾ?" ಎಂದು ಡಾಕ್ಟರು ಕೇಳಿದರು.

"ಗೇರ್‌ಬಾಕ್ಸು ಬೆಣ್ಣೆ ಸ್ವಾಮಿ. ಕಣ್ಮುಚ್ಕೊಂಡು ತಗೊಳ್ಳಿ" ಅಂದೆ.

ಮಾವನ ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಶರ್ಟು ಕೊನೆಯವರೆಗೂ ಬಿಳಿಯಾಗಿಯೇ ಇತ್ತು.

ಒಂದು ತಿಂಗಳಾಗಿರಬಹುದು. ಜವಳಗಿರಿಯ ಆಚೆಯ ಒಂದು ಹಳ್ಳಿಯಲ್ಲಿ ದನಗಳಿಗೆ ದೊಡ್ಡರೋಗ ಬಂದಿದೆ ಎಂದು ಸುದ್ದಿ ಬಂತು. ಆ ರೋಗ ಕೊಟ್ಟಿಗೆಗೆ ಹೊಕ್ಕರೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿತ್ತು. ಡಾಕ್ಟರು ಬೆಂಗಳೂರಿನಿಂದ ಬಸ್ಸಿನಲ್ಲಿ ಲಸಿಕೆ ತರಿಸಿದರು. ಅದನ್ನು ಐಸಿನಲ್ಲೇ ಇಡಬೇಕು. ಐಸು ಕರಗದಂತೆ ಸುತ್ತ ಮರದ ಹೊಟ್ಟು ತುಂಬಿ, ಪೆಟ್ಟಿಗೆಯನ್ನು ಗಾಡಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಹೊರಟರು.

ತಳಿ ದಾಟಿ ಕಾಡಿನ ರಸ್ತೆಯಲ್ಲಿ ಏರು ಹತ್ತುವಾಗ ಗಾಡಿಯ ಗೇರ್‌ಬಾಕ್ಸು ಕಚ್ಚಿಕೊಂಡಿತು. ಹಿಂದಿನ ಚಕ್ರ ಅಲ್ಲೇ ನಿಂತುಬಿಟ್ಟಿತು. ಗಾಡಿ ಅವರನ್ನು ಮುಳ್ಳಿನ ಪೊದೆಗೆ ಒಗೆಯಿತು. ಮೊಣಕೈ ತರಚಿತು, ಪೆಟ್ಟಿಗೆ ಉಳಿಯಿತು. ಅವರು ಪೆಟ್ಟಿಗೆಯನ್ನು ಬಿಚ್ಚಿ ತಲೆಯ ಮೇಲಿಟ್ಟುಕೊಂಡು ನಡೆದರು. ಮೈಲಿ ದೂರ ಹೋಗುವಷ್ಟರಲ್ಲಿ ರಸ್ತೆಯ ಮೇಲೆ ಆನೆಗಳು. ಮರಿಗಳಿದ್ದ ಹಿಂಡು. ಡಾಕ್ಟರು ಪಕ್ಕದ ಬಂಡೆ ಹತ್ತಿ ಕುಳಿತರು. ಆನೆಗಳಿಗೆ ಅವಸರವಿರಲಿಲ್ಲ, ಬಿದಿರು ಮುರಿದು ತಿನ್ನುತ್ತ ಅಲ್ಲೇ ನಿಂತವು. ಬಿಸಿಲು ಏರಿತು. ಪೆಟ್ಟಿಗೆಯ ಮೂಲೆಯಿಂದ ನೀರು ತೊಟ್ಟಿಕ್ಕುವುದನ್ನು ನೋಡುತ್ತ ಅವರು ಮಧ್ಯಾಹ್ನವೆಲ್ಲ ಬಂಡೆಯ ಮೇಲಿದ್ದರು. ಹಳ್ಳಿ ಮುಟ್ಟಿದಾಗ ಸಂಜೆ. ಲಸಿಕೆ ಕೆಟ್ಟಿತ್ತು.

ಮತ್ತೆ ಲಸಿಕೆ ತರಿಸಿ ಹೋಗುವಷ್ಟರಲ್ಲಿ ಆ ಊರಿನ ಅರ್ಧ ದನ ಸತ್ತಿದ್ದವು.

ಇದನ್ನೆಲ್ಲ ಡಾಕ್ಟರು ನಮಗೆ ಹೇಳಿದ್ದು ಶೆಡ್ಡಿನ ಬೆಂಚಿನ ಮೇಲೆ ಕುಳಿತು, ಮೆಲ್ಲಗೆ. ಅವರ ಗಟ್ಟಿ ಗಂಟಲು ಅಂದು ಎಲ್ಲಿ ಹೋಗಿತ್ತೋ. ಗಾಡಿಯನ್ನು ಎತ್ತಿನ ಗಾಡಿಯಲ್ಲಿ ಹಾಕಿ ತಂದಿದ್ದರು. ಮೇಸ್ತ್ರಿ ನನ್ನ ಕೈಗೆ ಸ್ಪ್ಯಾನರ್ ಕೊಟ್ಟರು.

"ಬಿಚ್ಚು. ಏನಿದೆ ಅಂತ ನೀನೇ ಹೇಳು ಅವರಿಗೆ."

ಬಿಚ್ಚಿದೆ. ಎಣ್ಣೆಯ ಬದಲು ಕಪ್ಪು ಮುದ್ದೆಯೊಂದು ಬಂತು. ಬೆರಳಲ್ಲಿ ಉಜ್ಜಿದರೆ ಪುಡಿಪುಡಿ. ಸವೆದ ಗೇರು ಹಲ್ಲುಗಳ ಸದ್ದು ಅಡಗಲೆಂದು ಗ್ರೀಸಿನಲ್ಲಿ ಮರದ ಹೊಟ್ಟು ಕಲಸಿ ತುಂಬಿದ್ದರು. ಅದು ಎಣ್ಣೆ ಹೋಗುವ ದಾರಿಯನ್ನೆಲ್ಲ ಮುಚ್ಚಿಹಾಕಿತ್ತು.

"ಹೊಟ್ಟು ಸ್ವಾಮಿ" ಅಂದೆ.

"ನನ್ನ ಪೆಟ್ಟಿಗೆಯಲ್ಲೂ ಅದೇ ಇತ್ತಲ್ಲಯ್ಯಾ" ಎಂದರು ಡಾಕ್ಟರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನ ಮೇಸ್ತ್ರಿ ನನ್ನನ್ನು ಕರೆದುಕೊಂಡು ಕೃಷ್ಣಗಿರಿಗೆ ಹೋದರು. ಮಾಣಿಕ್ಯಂ ನಮ್ಮನ್ನು ಕಂಡು ಎದ್ದುನಿಂತು ಕಾಫಿ ತರಿಸಿದ. ಆನೆಯ ಕಥೆ ಕೇಳಿ ಅವನ ಕಣ್ಣಲ್ಲಿ ನೀರೇ ಬಂತು. ಆಮೇಲೆ ಕಣ್ಣೊರೆಸಿಕೊಂಡು, "ನಾನು ಏನಪ್ಪಾ ಮಾಡ್ಲಿ? ನಿಮ್ಮ ಆಳೇ ನೋಡಿ ಬೆಣ್ಣೆ ಅಂದ. ಗೇರ್‌ಬಾಕ್ಸು ಚೆನ್ನಾಗಿದೆ ಅಂತ ನಾನು ಅಂದ್ನಾ?" ಅಂದ. ಅವನು ಹೇಳಿದ್ದು ನಿಜವಾಗಿತ್ತು. ಬಹುಶಃ ಅವನು ತನ್ನ ವ್ಯಾಪಾರದಲ್ಲಿ ಆಡಿದ ನಿಜ ಅದೊಂದೇ, ಅದೂ ನನ್ನ ಪಾಲಿಗೇ ಬಂತು.

ಹಿಂದಿರುಗುವ ಬಸ್ಸಿನಲ್ಲಿ ಮೇಸ್ತ್ರಿ ಶೂಳಗಿರಿ ದಾಟಿದ ಮೇಲೆ, "ಜ್ವರ ಇದ್ರೂ ನಾನೇ ಬರ್ಬೇಕಾಗಿತ್ತು" ಎಂದರು.

ಆ ಗೇರ್‌ಬಾಕ್ಸಿಗೆ ಹೊಸ ಹಲ್ಲುಚಕ್ರಗಳು ಎಲ್ಲಿಯೂ ಸಿಗಲಿಲ್ಲ. ಡಾಕ್ಟರು ಸೈಕಲ್ಲು, ಬಸ್ಸು, ಎತ್ತಿನ ಗಾಡಿ ಎಂದು ಅಲೆದರು. ಕೊನೆಗೆ ಬಾಗಲೂರಿನಲ್ಲಿ ಒಬ್ಬ ಮಾಜಿ ಸಿಪಾಯಿ ಗಾಡಿ ಮಾರುತ್ತಾನೆಂದು ಯಾರೋ ಹೇಳಿದರು. ಡಾಕ್ಟರು ಶೆಡ್ಡಿಗೆ ಬಂದು, "ಈ ಸಲ ನೋಡೋದಕ್ಕೆ ಯಾರು ಬರ್ತೀರಿ?" ಎಂದು ಕೇಳಿದರು.

ಮೇಸ್ತ್ರಿ ನನ್ನ ಕಡೆ ಬೆರಳು ತೋರಿಸಿದರು. ಡಾಕ್ಟರು, "ಶರ್ಟು ಹಳೇದು ಹಾಕ್ಕೊಂಡು ಬಾ" ಅಂದರು.

ಸಿಪಾಯಿಯ ಹೆಸರು ತಿಮ್ಮರಾಯಪ್ಪ. ಯುದ್ಧದಲ್ಲಿ ಮೋಟಾರ್ ಸೈಕಲ್ ಮೇಲೆ ಕಾಗದಪತ್ರ ಒಯ್ಯುವ ಕೆಲಸ ಮಾಡಿದವನು. ಬಂದ ಮೇಲೆ ಹರಾಜಿನಲ್ಲಿ ಈ ಗಾಡಿ ಕೊಂಡಿದ್ದ. ಅವನಂಥ ಕೆಟ್ಟ ವ್ಯಾಪಾರಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ. ನಾವು ಹೋದಾಗ ಗಾಡಿಗೆ ಧೂಳು ಹಿಡಿದಿತ್ತು. ಅದನ್ನು ಒರೆಸುವಷ್ಟು ಲೋಕಜ್ಞಾನವೂ ಅವನಿಗಿರಲಿಲ್ಲ.

"ಚಳೀಲಿ ಒಂದೇ ಸಲಕ್ಕೆ ಹತ್ತಾಕಿಲ್ಲ, ನಾಕೈದು ಸಲ ಒದೀಬೇಕು" ಎಂದು ಶುರುಮಾಡಿದ. "ಎರಡ್ನೇ ಗೇರು ಒಂದೊಂದ್ಕಿತ ಎಗರ್‌ಬುಡ್ತದೆ, ಕಾಲಲ್ಲಿ ಅದುಮಿ ಹಿಡ್ಕೋಬೇಕು. ಎಣ್ಣೆ ತೊಟ್ಟಿಕ್ತದೆ. ಮುಂದಿನ್ ಬ್ರೇಕು ಐತೆ ಅಷ್ಟೇಯ."

ನಾನು ನೆಲದ ಮೇಲೆ ಅಂಗಾತ ಮಲಗಿ ಎಲ್ಲ ಬೋಲ್ಟುಗಳನ್ನೂ ಬಿಚ್ಚಿದೆ. ಎಣ್ಣೆ ಮೂಸಿದೆ, ಉಜ್ಜಿದೆ, ನಾಲಿಗೆಗೂ ಇಟ್ಟುಕೊಂಡೆ. ಅವನು ಹೇಳದ ಒಂದೇ ಒಂದು ದೋಷ ಸಿಕ್ಕಿದರೆ ಗೆದ್ದೆ ಎಂದುಕೊಂಡು ಬೆಳಿಗ್ಗೆಯೆಲ್ಲ ಹುಡುಕಿದೆ. ಕೊನೆಗೆ ದಾರ ಹಿಡಿದಾಗ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಕೂದಲೆಳೆಯಷ್ಟು ಪಕ್ಕಕ್ಕಿತ್ತು.

"ಇದನ್ನ ಹೇಳ್ಲಿಲ್ಲ ನೀವು" ಅಂದೆ.

ತಿಮ್ಮರಾಯಪ್ಪ ತಲೆ ತಗ್ಗಿಸಿದ. "ಹೇಳಾನ ಅಂತಲೇ ಇದ್ದೆ ಕಣಣ್ಣಾ. ಬಾಯಿ ಬರ್ಲಿಲ್ಲ. ನನ್ ತಮ್ಮ ಗೋಪಾಲನ್ನ ಹಿಂದ್ಗಡೆ ಕೂರಿಸ್ಕಂಡು ಕೃಷ್ಣಗಿರಿ ಕಡೆ ಹೋಗ್ತಿದ್ದೆ. ರಸ್ತೇಲಿ ಗುಂಡಿ. ನಾನು ಕಂಡೆ, ಹ್ಯಾಂಡ್ಲು ಗಟ್ಟಿಯಾಗಿ ಹಿಡ್ಕಂಡೆ. ಅವ್ನು ಹಿಂದ್ಲಿಂದ ಎಗರಿ ಕಲ್ ಮೇಲೆ ಬಿದ್ದ. ಹೋಗ್ಬುಟ್ಟ."

ಡಾಕ್ಟರು ಟೋಪಿ ತೆಗೆದರು. ನಾನು ಕೈಯಲ್ಲಿದ್ದ ದಾರವನ್ನು ಸುತ್ತತೊಡಗಿದೆ.

"ಫೋರ್ಕ್ ಬಡ್ಸಿ ನೆಟ್ಟಗೆ ಮಾಡ್ಸಿದೀನಿ. ಗಾಡಿ ಓಡ್ತದೆ. ಇದನ್ನ ಹೇಳಿದ್ ಮ್ಯಾಕೆ ಮೂರು ಜನ ಎದ್ದು ಹೋದ್ರು" ಅಂದ ತಿಮ್ಮರಾಯಪ್ಪ.

ಹೌದು, ಹೋಗಿರುತ್ತಾರೆ. ನೂರು ಸುಳ್ಳು ಹೇಳುವ ಮಾಣಿಕ್ಯಂನ ಮನೆ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಿದ್ದರು. ಇಲ್ಲಿ ಹೇಳಿದ ಒಂದು ನಿಜಕ್ಕೆ ಹೆದರಿ ಓಡಿದ್ದರು.

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು, "ಸ್ವಾಮಿ, ಇದನ್ನ ಜವಳಗಿರಿಗೆ ಓಡಿಸ್ಕೊಂಡು ಹೋಗಿ ಬಂದು ಆಮೇಲೆ ಹೇಳ್ತೀನಿ" ಅಂದೆ.

"ನಾನೂ ಬತ್ತೀನಿ" ಎಂದ ತಿಮ್ಮರಾಯಪ್ಪ. "ನೀವು ಓಡ್ಸಿ. ಆವತ್ತಿಂದ ಹಿಂದ್ಗಡೆ ಯಾರೂ ಕೂತಿಲ್ಲ. ಅದನ್ನೂ ನೋಡ್ಬೇಕಲ್ಲ."

ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ಗೇರ್‌ಬಾಕ್ಸು ಗೊರಗೊರ ಅನ್ನುತ್ತಿತ್ತು, ಎರಡನೆಯ ಗೇರು ಅವನು ಹೇಳಿದಂತೆಯೇ ಎಗರಿತು. ತಳಿಯ ಆಚೆ ಡಾಕ್ಟರ ಗಾಡಿ ಕಚ್ಚಿಕೊಂಡ ಏರನ್ನು ಇದು ಗೊಣಗುತ್ತಲೇ ಹತ್ತಿತು. ಹಿಂದೆ ಕುಳಿತವನ ಕೈಗಳು ನನ್ನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದವೆಂದರೆ ಸಂಜೆ ನೋಡಿದರೆ ಬೆರಳಿನ ಗುರುತು ಬಿದ್ದಿತ್ತು. ಯುದ್ಧದಲ್ಲಿ ಬಾಂಬುಗಳ ನಡುವೆ ಗಾಡಿ ಓಡಿಸಿದ ಮನುಷ್ಯ ಪ್ರತಿಯೊಂದು ಗುಂಡಿಗೂ ಬೆಚ್ಚಿಬೀಳುತ್ತಿದ್ದ.

ಜವಳಗಿರಿಯಲ್ಲಿ ಇಳಿದು ನೀರು ಕುಡಿದೆವು. ಅವನು ಮುಖ ತೊಳೆದುಕೊಂಡ.

"ಹಿಂದ್ಗಡೆ ಕೂತೋರ್ಗೆ ರಸ್ತೆ ಕಾಣಾಕಿಲ್ಲ ಕಣಣ್ಣಾ" ಎಂದ. "ನಿಮ್ ಬೆನ್ನು ಬಿಟ್ರೆ ಏನೂ ಕಾಣ್ತಿರ್ಲಿಲ್ಲ. ಇದು ನಂಗೆ ಗೊತ್ತೇ ಇರ್ಲಿಲ್ಲ. ಇಷ್ಟು ವರ್ಸ ಗಾಡಿ ಓಡ್ಸಿದೀನಿ, ಒಂದ್ ದಿನ ಹಿಂದ್ಗಡೆ ಕೂತಿರ್ಲಿಲ್ಲ."

ಹೊಸೂರಿಗೆ ಬಂದು ಡಾಕ್ಟರ ಮನೆಯ ಮುಂದೆ ನಿಲ್ಲಿಸಿದೆವು. "ಏನಯ್ಯಾ?" ಎಂದು ಅವರು ಕೇಳಿದರು.

"ಇವರು ಹೇಳಿದ್ದೆಲ್ಲ ಇದೆ ಸ್ವಾಮಿ. ಹೇಳದೇ ಇದ್ದದ್ದು ಏನೂ ಇಲ್ಲ. ತಗೊಳ್ಳಿ."

ಡಾಕ್ಟರು ತೆಗೆದುಕೊಂಡರು. ತಿಮ್ಮರಾಯಪ್ಪ ಗಾಡಿಯ ಪುಸ್ತಕವನ್ನು ಅವರ ಕೈಗೆ ಕೊಟ್ಟು, ಹೋಗುವ ಮುಂಚೆ ಮೆಟ್ಟಿಲ ಮೇಲೆ ನಿಂತು ಒಂದು ಮಾತು ಹೇಳಿದ. "ಸಾಮಿ, ಹಿಂದ್ಗಡೆ ಯಾರ್ನಾದ್ರೂ ಕೂರಿಸ್ಕಂಡ್ರೆ, ಗುಂಡಿ ಬತ್ತೈತೆ ಅಂತ ಬಾಯ್ಬುಟ್ಟು ಹೇಳಿ. ಅಷ್ಟೇಯ."

ಡಾಕ್ಟರು ಆ ಗಾಡಿಯನ್ನು ಹೊಸೂರಿನಿಂದ ವರ್ಗವಾಗಿ ಹೋಗುವವರೆಗೂ ಓಡಿಸಿದರು. ಹಿಂದೆ ಅವರ ಕಾಂಪೌಂಡರು ಔಷಧಿ ಪೆಟ್ಟಿಗೆ ತಬ್ಬಿಕೊಂಡು ಕುಳಿತಿರುತ್ತಿದ್ದ. ಅವರ ಗಟ್ಟಿ ಗಂಟಲು ಹಿಂದಿರುಗಿತ್ತು. ಗುಂಡಿ ಕಂಡಲ್ಲೆಲ್ಲ "ಗುಂಡೀ!" ಎಂದು ಕಿರುಚುತ್ತಿದ್ದರು. ನಮ್ಮ ರಸ್ತೆಗಳ ಕೃಪೆಯಿಂದ ತಳಿಯವರೆಗೂ ಅವರಿಗೆ ಬಾಯಿ ಮುಚ್ಚಲು ಬಿಡುವಿರುತ್ತಿರಲಿಲ್ಲ. ಊರಿನವರು ಅವರಿಗೆ ಗುಂಡಿ ಡಾಕ್ಟರು ಎಂದೇ ಹೆಸರಿಟ್ಟರು. ಗಾಡಿಯ ಸದ್ದು ಕೇಳಿದೊಡನೆ ಅಂಗಡಿಗಳ ಮುಂದೆ ನಗು ಶುರುವಾಗುತ್ತಿತ್ತು.

ಒಮ್ಮೆ ನಾನು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಾಗ ಅವರು ಹೋದರು. ಅಂದು ಕಾಂಪೌಂಡರು ರಜೆ, ಹಿಂದಿನ ಸೀಟು ಖಾಲಿ. ಆದರೂ ನಮ್ಮ ಶೆಡ್ಡಿನ ಮುಂದಿನ ಗುಂಡಿ ಬಂದಾಗ ಡಾಕ್ಟರು ಅರ್ಧ ಹಿಂದಕ್ಕೆ ತಿರುಗಿ, "ಗುಂಡೀ!" ಎಂದು ಕೂಗಿ, ನಿಧಾನವಾಗಿ ದಾಟಿಸಿಕೊಂಡು ಹೋದರು.